ಬೊಟಾಕ್ಸ್ ಅಂದರೆ ಬೊಟ್ಟು ಹಾಕ್ಸೋದಲ್ಲ

ಬರೆಯೋಣ ಅಂತ ಕೂತೆ, ಮತ್ತೆ ಬಾಗಿಲು ಬಡಿದರು. ನನ್ನ ಮನೆಯ ಬಾಗಿಲಿಗೂ ನಾನು ಕೂಡುವುದಕ್ಕೂ ಏನೋ ಹಗೆ ಇದೆ. ಈ ಸಲ ಹಿಂದಿನ ಓಣಿಯ ಬಾಯಿ, ನಮ್ಮ ಕಡೆ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಹಾಗೇ ಕರೆಯುವುದು. ಕೈಯಲ್ಲಿ ಖಾಲಿ ವಾಟಗ, ಸಕ್ಕರೆ ಕೇಳುವ ನೆಪ. ಸಕ್ಕರೆ ಕೊಟ್ಟೆ, ಹೋಗಲಿಲ್ಲ. ಹಣೆಯನ್ನು ನನ್ನ ಮೂಗಿನ ಹತ್ತಿರ ತಂದು, "ನೋಡ್ರಿ, ಈ ಗೆರಿಗೆ ನಿಮ್ಮ ದವಾಖಾನ್ಯಾಗ ಏನರ ಐತೇನು?" ಎಂದರು.

"ಐತ್ರಿ. ಆದ್ರ ಅದು ಮಗಳ ಫೋನ್ ಕದ್ದು ನೋಡುವಾಗ ಬೀಳೋ ಗೆರಿ. ಫೋನ್ ನೋಡೋದ ಬಿಡ್ರಿ, ತಾನ ಹೋಗ್ತೈತಿ" ಎಂದು ಕಳಿಸಿದೆ.

ಗದಗಿನ ಒಂದು ಚರ್ಮದ ದವಾಖಾನೆಯಲ್ಲಿ ಹೊರಗಿನ ಟೇಬಲ್ಲಿಗೆ ನಾನು ಕೂಡುತ್ತೇನೆ. ಕಲಿತದ್ದು ಹತ್ತನೇ ಇಯತ್ತೆ. ಹೆಸರು ಕೂಗುವುದು, ಫ್ರಿಜ್ಜಿನಿಂದ ಔಷಧದ ಬಾಟಲಿ ತೆಗೆದು ಕೊಡುವುದು, ಒಳಗೆ ಹೋಗಲು ಅಂಜಿ ಬಾಗಿಲಲ್ಲಿ ನಿಂತವರನ್ನು ಬಯ್ದು ರಮಿಸಿ ಒಳಗೆ ದಬ್ಬುವುದು, ಇವು ನನ್ನ ಕೆಲಸ. ದಬ್ಬುವಾಗ ಹೇಳಲು ನನ್ನ ಹತ್ತಿರ ಒಂದೇ ಮಾತು: "ಏನೂ ಆಗಂಗಿಲ್ರಿ, ಇರವಿ ಕಚ್ಚಿದಂಗ." ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಬೆಟಗೇರಿಯ ನಮ್ಮ ಓಣಿಯವರು, ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡಿದಂತೆ, ತಮ್ಮ ಮುಖ ತಿರುಗಿಸಿ ತಿರುಗಿಸಿ ನನಗೆ ತೋರಿಸುತ್ತಾರೆ. ಹಾಗಾಗಿ ನಗುವ ಪ್ರಸಂಗಗಳಿಗೆ ನನ್ನಲ್ಲಿ ಕೊರತೆ ಇಲ್ಲ.

ಆದರೆ ಇವನ್ನು ನಾನು ನೆನಪು ಮಾಡಿಕೊಳ್ಳುವುದು ನಗಲಿಕ್ಕಲ್ಲ, ಹೆದರಿಕೆಗೆ. ನನ್ನ ಮಗಳು ಎರಡನೇ ಇಯತ್ತೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಬಲಗಾಲಿನ ಮೀನಖಂಡ ಹುರಿಹಗ್ಗದಂತೆ ಬಿಗಿ. ಆ ಕಾಲಿನ ಹಿಮ್ಮಡ ನೆಲ ಮುಟ್ಟುವುದಿಲ್ಲ, ತುದಿಗಾಲಿನ ಮೇಲೆ ನಡೆಯುತ್ತಾಳೆ. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಗದಗಿನ ಇನ್ನೊಂದು ದವಾಖಾನೆಗೆ ಬರುವ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಕಾಲು ಮಡಿಸಿ ನೋಡಿ ಹೇಳಿದರು: "ಈಗ ಸೂಜಿ ಹಾಕಿ ಬಿಗಿ ಸಡಲ ಮಾಡಿ, ದಿನಾ ವ್ಯಾಯಾಮ ಮಾಡಿಸಿದ್ರ ಹಿಮ್ಮಡ ಕೆಳಗ ಇಳಿಬಹುದು. ಬಿಟ್ರ, ಹುಡುಗಿ ಬೆಳದಂಗ ಕಾಲು ಇನ್ನೂ ಬಿಗೀತೈತಿ. ಆಮ್ಯಾಲೆ ಆಪರೇಶನ್ ಮಾತು."

ಯಾವ ಔಷಧ ಅಂತ ಕೇಳಿದೆ. ನಾನು ದಿನಾ ಫ್ರಿಜ್ಜಿನಿಂದ ತೆಗೆದು ಕೊಡುವ ಅದೇ ಬೊಟಾಕ್ಸ್ ಬಾಟಲಿ.

ಮಂದಿಯ ಹಣೆಗೆ ಹಾಕುವಾಗ ಅದು ನನಗೆ ಔಷಧವಾಗಿತ್ತು. ನನ್ನ ಮಗಳ ಕಾಲಿಗೆ ಅಂದ ಕೂಡಲೇ ಅದರ ಮೇಲಿನ ಇಂಗ್ಲಿಷ್ ಅಕ್ಷರ ಕಣ್ಣಿಗೆ ಬಿತ್ತು. ಟಾಕ್ಸಿನ್. ಅಂದರೆ ವಿಷ. ಹತ್ತನೇ ಇಯತ್ತೆ ಕಲಿತದ್ದಕ್ಕೆ ಅಷ್ಟು ಓದಲು ಬರುತ್ತದೆ, ಅದಕ್ಕಿಂತ ಹೆಚ್ಚು ತಿಳಿಯುವುದಿಲ್ಲ. ಹೆದರಲಿಕ್ಕೆ ಇದೇ ಸರಿಯಾದ ಓದು.

ಸೂಜಿಯ ದಿನ ಬರುವವರೆಗೆ, ಆ ಅಕ್ಷರ ನೆನಪಾದಾಗಲೆಲ್ಲ, ನಮ್ಮ ದವಾಖಾನೆಯ ಪ್ರಸಂಗಗಳನ್ನು ಮಗಳಿಗೆ ಕತೆ ಮಾಡಿ ಹೇಳಿದೆ. ಅವಳು ನಕ್ಕಳು. ನಾನು ಅವಳ ಕಾಲು ನೋಡುತ್ತಿದ್ದೆ.

ಸಿಟ್ಟು ವಾಪಸ್ ಕೊಡ್ರಿ

ಮುಂಡರಗಿ ಕಡೆ ಹಮ್ಮಿಗಿಯ ಒಬ್ಬ ಗೌಡಶ್ಯಾನಿ, ಊರ ಗೌಡರ ಮನೆಯಾಕೆ. ಹೊಳೆದಂಡೆಯ ಹೊಲ, ತುಂಬಿದ ಮನೆ. ಆ ಮನೆಯನ್ನು ಅವರು ಬಾಯಿಯಿಂದ ಆಳಿದವರಲ್ಲ, ಹುಬ್ಬಿನಿಂದ ಆಳಿದವರು. ಹುಬ್ಬು ಗಂಟು ಹಾಕಿದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತಂತೆ, ಅಂಗಳದಲ್ಲಿ ಆಳುಗಳು ಬೀಡಿ ಆರಿಸುತ್ತಿದ್ದರಂತೆ. ಹಾಗೆ ಗಂಟು ಹಾಕಿ ಹಾಕಿ ಎರಡು ಹುಬ್ಬಿನ ನಡುವೆ ನೇಗಿಲು ಹೊಡೆದಂತೆ ಸಾಲು ಬಿದ್ದಿದ್ದವು. ಮೊಮ್ಮಗಳ ಮದುವೆಯ ಫೋಟೋದಲ್ಲಿ ಚಂದ ಕಾಣಬೇಕು ಅಂತ ಬಂದರು.

"ನೋವಾಗತೈತೇನವಾ ತಂಗಿ?"

"ಇರವಿ ಕಚ್ಚಿದಂಗರಿ."

ಹಾಕಿಸಿಕೊಂಡು ಹೋದರು. ಹಣೆ ಒರೆಸಿದ ಹಲಗೆಯಂತಾಯಿತು. ಮದುವೆ ಮುಗಿದ ಮೇಲೆ ಒಂದು ದಿನ ಹೇಳದೆ ಕೇಳದೆ ಬಂದು ನಮ್ಮ ಡಾಕ್ಟರ್ ಬಾಯಿಯವರ ಮುಂದೆ ಕೂತರು.

"ಬಾಯಾರ, ನನ್ನ ಸಿಟ್ಟು ವಾಪಸ್ ಕೊಡ್ರಿ."

ಡಾಕ್ಟರ್ ಬಾಯಿಯವರಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿದರು. ನಾನು ಫ್ಯಾನ್ ಕಡೆ ನೋಡಿದೆ.

"ಸೊಸಿ ಪಲ್ಯಾಕ ಉಪ್ಪು ಹೆಚ್ಚ ಹಾಕಿದ್ಲು. ನೋಡಿದೆ. ಸಿಟ್ಟಿಲೆನ ನೋಡಿದೆ. ಅಕಿ ನಕ್ಕೋತ ಬಂದು, 'ಅತ್ತಿ, ಇನ್ನೊಂದೀಟ ನೀಡಲೇನ್ರಿ?' ಅಂದ್ಲು. ನನ್ನ ಒಳಗ ಕೆಂಡ, ಮಾರಿ ನೋಡಿದ್ರ ಪ್ರಸಾದ ಸಿಕ್ಕವರಂಗ. ಇಂಥಾ ಮಾರಿ ಇಟಗೊಂಡು ಆ ಮನ್ಯಾಗ ನಾ ಹೆಂಗ ಇರಲಿ?"

"ಮೂರ್ನಾಲ್ಕ ತಿಂಗಳಿಗೆ ಅದು ತಾನ ಇಳೀತೈತ್ರಿ" ಎಂದರು ಡಾಕ್ಟರ್ ಬಾಯಿ. "ಅಲ್ಲೀತನಾ ಬಾಯಿಲೆ ಬೈರಿ."

ಗೌಡಶ್ಯಾನಿಯವರ ಹಣೆಯಲ್ಲಿ ಏನೂ ಕಾಣಲಿಲ್ಲ, ಆದರೆ ಸೆರಗನ್ನು ಒದ್ದೆ ಅರಿವೆಯಂತೆ ಹಿಂಡುತ್ತಿದ್ದರು. "ಬಾಯಿಲೆ ಬೈದು ನನಗ ರೂಢಿಲ್ಲವ್ವಾ," ಎಂದರು. "ಬಾಯಿಗೆ ಬಾಯಿ ಹತ್ತಿದ್ರ ಗೆಲ್ಲಾಕಿ ಅಕಿನ."

ಎಡಗಣ್ಣು

ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿಯ ಒಬ್ಬ ಯಜಮಾನರು. ಅವರ ಎಡಗಣ್ಣಿನ ರೆಪ್ಪೆ ಒಂದೇ ಸವನೆ ಅದರುತ್ತಿತ್ತು. ಕಣ್ಣಿನ ಡಾಕ್ಟರು ನಮ್ಮ ಡಾಕ್ಟರ್ ಬಾಯಿಯವರ ಹತ್ತಿರ ಸೂಜಿಗೆ ಕಳಿಸಿದ್ದರು. ಗಂಡಸರಿಗೆ ಎಡಗಣ್ಣು ಅದರಿದರೆ ಕೆಡುಕು ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಒಂದು ದಿನ ಅದರಿದರೇ ಮಂದಿ ಊರಿಗೆ ಹೊರಟವರು ಚೀಲ ಕೆಳಗಿಡುತ್ತಾರೆ. ಇವರಿಗೆ ವರ್ಷಗಟ್ಟಲೆ.

"ಇಷ್ಟ ವರ್ಷ ಅದರಾಕ ಹತ್ತೇತಿ, ಕೆಟ್ಟದ್ದು ಇನ್ನೂ ಬಂದಿಲ್ಲ ನೋಡವಾ ತಂಗಿ," ಎಂದು ನನಗೆ ಹೇಳಿದರು. "ಇಷ್ಟ ದೂರದಿಂದ ಹಾದಿ ಹಿಡದ ಬರಾಕ ಹತ್ತಿದ್ದು ಎಷ್ಟ ದೊಡ್ಡದಿರಬೇಕು."

ಈ ಹೆದರಿಕೆಗೆ ಅವರು ಮೋಟರ್ ಸೈಕಲ್ ಹತ್ತಿರಲಿಲ್ಲ, ಬಾವಿಯ ಹತ್ತಿರ ಒಬ್ಬರೇ ಹೋಗಿರಲಿಲ್ಲ. ಮಗಳ ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಹಂದರದ ಹೊರಗೆ ಬಿಸಿಲಲ್ಲಿ ನಿಂತಿದ್ದರಂತೆ, ಬೀಳುವುದಿದ್ದರೆ ತನ್ನೊಬ್ಬನ ಮೇಲೆ ಬೀಳಲಿ ಅಂತ. ಇದನ್ನು ಕೇಳಿ ನನಗೆ ನಗು ಬಂತು, ಆಮೇಲೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಸೂಜಿ ಹಾಕಿದರು. ರೆಪ್ಪೆ ನಿಂತಿತು. ತೋರಿಸಿಕೊಳ್ಳಲು ಮತ್ತೆ ಬಂದಾಗ ಯಜಮಾನರ ಮುಖ ಮೊದಲಿಗಿಂತ ಬಿಳಿಚಿತ್ತು.

"ಈಗ ಆರಾಮಲ್ರಿ ಯಜಮಾನ್ರ? ಕಣ್ಣು ನಿಂತೈತಲ್ಲ?"

"ಎಲ್ಲೀ ಆರಾಮವ್ವಾ. ಮೊದಲ ಬರ್ತೈತಿ ಬರ್ತೈತಿ ಅಂತ ಕಣ್ಣು ಹೇಳ್ತಿತ್ತು. ಈಗ ಹೇಳೋದ ಬಿಟ್ಟೈತಿ. ಅಂದ್ರ ಏನರ್ಥ? ಬಂದು ಮುಟ್ಟೈತಿ."

ಹಾಗೆಂದು, ಕೂಡುವ ಮೊದಲು ಬಗ್ಗಿ ಕುರ್ಚಿಯ ಕೆಳಗೆ ಒಮ್ಮೆ ನೋಡಿದರು.

ಇರವಿ

ಶಿರಹಟ್ಟಿಯ ಒಬ್ಬ ಮದುಮಗ. ಅಂಗೈ ಬೆವರುವ ತ್ರಾಸು. ಬರೆಯಲು ಕೂತರೆ ಕಾಗದ ಒದ್ದೆ, ಫೋನ್ ಹಿಡಿದರೆ ಫೋನ್ ಒದ್ದೆ. ಧಾರೆಯ ಹೊತ್ತಿಗೆ ಹುಡುಗಿಯ ಕೈ ಹಿಡಿದಾಗ ಅವಳು ಸಟ್ಟನೆ ಕೈ ಕಿತ್ತುಕೊಂಡರೆ ಏನು ಗತಿ ಅಂತ ಅವನಿಗೆ ನಿದ್ದೆ ಹತ್ತಿರಲಿಲ್ಲ. ಮನೆಯಲ್ಲಿ ಅಂಗಿಯ ಅಳತೆ ಕೊಟ್ಟು ಬರುತ್ತೇನೆಂದು ಸುಳ್ಳು ಹೇಳಿ ಒಬ್ಬನೇ ಬಂದಿದ್ದ. ಬಾಗಿಲಲ್ಲಿ ನಿಂತು ಹಿಂದೆ ಸರಿಯುತ್ತಿದ್ದ. ನಾನು ಬೆನ್ನಿಗೆ ಕೈ ಹಚ್ಚಿ ದಬ್ಬಿದೆ. "ನಡೀಪಾ, ಏನೂ ಆಗಂಗಿಲ್ಲ, ಇರವಿ ಕಚ್ಚಿದಂಗ."

ಹಣೆಯೇ ಬೇರೆ, ಅಂಗೈಯೇ ಬೇರೆ. ಅಂಗೈಯಲ್ಲಿ ನೋವು ಜಾಸ್ತಿ. ಒಳಗಿಂದ ಅವನ ದನಿ ಹೊರಗೆ ಬಂತು, ಆಮೇಲೆ ಅವನು ಬಂದ. ಎರಡೂ ಕೈ ಆರತಿ ತಟ್ಟೆಯಂತೆ ಮುಂದೆ ಹಿಡಿದುಕೊಂಡು ನನ್ನ ಟೇಬಲ್ಲಿನ ಮುಂದೆ ನಿಂತ.

"ಅಕ್ಕಾರ, ಒಂದ ಮಾತು ಕೇಳಲೇನು?"

"ಕೇಳಪಾ."

"ನಿಮ್ಮ ಬೆಟಗೇರ್ಯಾಗ ಇರವಿ ಎಷ್ಟ ದೊಡ್ಡವ ಇರ್ತಾವ್ರಿ?"

ಅಂದಿನಿಂದ ಇರವಿಯ ಮಾತಿನ ಮೇಲೆ ನನಗೇ ನಂಬಿಕೆ ಹೋಯಿತು. ಮಗಳ ಸೂಜಿಗೆ ಆಗ ವಾರವೂ ಉಳಿದಿರಲಿಲ್ಲ.

ಯಾರಿಗೆ ಕಾಣ್ತೈತಿ

ನನ್ನ ಅತ್ತೆಗೆ ಇನ್ನೂ ಹೇಳಿರಲಿಲ್ಲ. ನನಗೆ ಸೂಜಿಗಿಂತ ಹೆಚ್ಚಿನ ಹೆದರಿಕೆ ಅದೇ ಆಗಿತ್ತು. ಮಗಳನ್ನು ಬೆಳೆಸಿದವರು ಅವರು. ಹುಡುಗಿಯ ನಡಿಗೆಯನ್ನು ಓಣಿಯವರು ತಿರುತಿರುಗಿ ನೋಡುತ್ತಾರೆ ಅಂತ ದಿನಾ ಬೆಳಿಗ್ಗೆ ಎರಡೂ ಹಿಮ್ಮಡಕ್ಕೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತಾರೆ. ಎಡಗಾಲಿನ ಬೊಟ್ಟು ಮಧ್ಯಾಹ್ನದೊಳಗೆ ಸವೆದು ಹೋಗುತ್ತದೆ. ಬಲಗಾಲಿನದು ನೆಲಕ್ಕೆ ತಾಗುವುದಿಲ್ಲವಲ್ಲ, ಸಂಜೆ ಕಾಲು ತೊಳೆಯುವಾಗಲೂ ಈಗ ಇಟ್ಟಂತೆ ದುಂಡಗೆ ಇರುತ್ತದೆ. ದಿನಾ ಅದನ್ನು ತೊಳೆಯುವವಳು ನಾನು.

ಒಂದು ಮಧ್ಯಾಹ್ನ ಅವರು ಅಕ್ಕಿ ಆರಿಸುತ್ತಿದ್ದಾಗ ಧೈರ್ಯ ಮಾಡಿದೆ.

"ಅತ್ತಿ, ಕೂಸಿನ ಕಾಲಿಗೆ ಬೊಟಾಕ್ಸ್ ಹಾಕ್ಸಬೇಕಂತರಿ."

"ಬೊಟ್ಟ ಹಾಕ್ಸಬೇಕಂತ? ದಿನಾ ನಾನ ಹಾಕ್ತೀನಲ್ಲ. ಅದಕ್ಕ ಹುಬ್ಬಳ್ಳಿ ಡಾಕ್ಟರ್ ಯಾಕ ಬೇಕು?"

"ಬೊಟ್ಟಲ್ರಿ. ಬೊಟಾಕ್ಸ್."

"ಅದನ್ನ ಅನ್ನಾಕತ್ತೀನಿ ನಾನೂ. ಎಲ್ಲಿ ಹಾಕಬೇಕಂತ?"

"ಮೀನಖಂಡಕ್ಕ."

ಅವರು ಮೊರ ಕೆಳಗಿಟ್ಟು ವಿಚಾರ ಮಾಡಿದರು. "ಹಿಮ್ಮಡಕ್ಕ ಇಡೋದು ನಮ್ಮ ಪದ್ಧತಿ. ಇರಲಿ, ಡಾಕ್ಟರ್ ಹೇಳ್ಯಾರಂದ್ರ ನಾಳಿಂದ ಅಲ್ಲೂ ಇಡ್ತೀನಿ. ಕಾಡಿಗಿ ಮನ್ಯಾಗ ಐತಿ."

"ಕಾಡಿಗಿ ಅಲ್ರಿ. ಸೂಜಿಲೆ ಹಾಕ್ತಾರ. ಚರ್ಮದ ಒಳಗ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಇಷ್ಟು ವರ್ಷ ದವಾಖಾನೆಯಲ್ಲಿ ಕೂತು ಇವಳು ಕಲಿತದ್ದೇನು ಅನ್ನುವಂತೆ. "ಒಳಗ ಹಾಕಿದ ಬೊಟ್ಟು ಯಾರಿಗೆ ಕಾಣ್ತೈತೆ ಹುಚ್ಚಿ? ದೃಷ್ಟಿ ಹಾಕೋರಿಗೆ ಕಾಣಬೇಕಲ್ಲ."

ಏರಿಸೋರು, ಇಳಿಸೋರು

ಬೊಟ್ಟು ಅಂತಲೇ ಇದ್ದರೆ ಚಲೋ ಇತ್ತು. ಸೂಜಿಯ ಹಿಂದಿನ ದಿನ ಊಟಕ್ಕೆ ಕೂತಾಗ ನನ್ನ ಗಂಡ ಬಾಯಿ ತಪ್ಪಿ ವಿಷ ಅಂದುಬಿಟ್ಟರು. ನಾನು ಅವರಿಗೆ ನನ್ನ ಹೆದರಿಕೆ ಹೇಳಿಕೊಂಡಿದ್ದು, ಅವರು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ರೊಟ್ಟಿಯ ಜೊತೆ ಹೊರಗೆ ಹಾಕಿದ್ದು.

"ವಿಷ?" ಎಂದರು ಅತ್ತೆ. "ನನ್ನ ಮೊಮ್ಮಗಳಿಗೆ?"

"ಅಗದಿ ಈಟ ಈಟರಿ. ಬಿಗಿದ ಮೀನಖಂಡ ಸಡಲಾಗಲಿ ಅಂತ."

"ಈಟ ಆದ್ರೂ ಯಾಕ?"

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಬಿಟ್ಟರೆ ಏನಾಗುತ್ತದೆ ಅನ್ನುವುದನ್ನೂ ಹೇಳಿದೆ. ಅತ್ತೆ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದು ಹೋದರು. ನಿದ್ದೆಯಲ್ಲೂ ಮಾತಾಡುವ ಹೆಂಗಸು ಹೀಗೆ ಎದ್ದು ಹೋದರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಮರುದಿನ ನಸುಕಿನಲ್ಲೇ ಅವರು ಮನೆಯಲ್ಲಿ ಇರಲಿಲ್ಲ. ನಾವು ಮಕ್ಕಳ ಡಾಕ್ಟರು ಬರುವ ದವಾಖಾನೆಗೆ ಹೋದರೆ ಅತ್ತೆ ಬಾಗಿಲಲ್ಲೇ ಕೂತಿದ್ದಾರೆ, ಪಕ್ಕದಲ್ಲಿ ಒಬ್ಬ ಮುದುಕ. ಮಲ್ಲಸಮುದ್ರದ ಅಜ್ಜ. ಚೇಳು ಕಚ್ಚಲಿ ಹಾವು ಕಚ್ಚಲಿ, ಬೇವಿನ ತಪ್ಪಲಿನಿಂದ ನಿವಾಳಿಸಿ ವಿಷ ಇಳಿಸುತ್ತಾನೆ ಅಂತ ಆ ಕಡೆ ಹೆಸರು. ತೊಡೆಯ ಮೇಲೆ ಬೇವಿನ ಕಟ್ಟು ಇಟ್ಟುಕೊಂಡು ತಯಾರಾಗಿ ಕೂತಿದ್ದ. ಡಾಕ್ಟರು ಬಂದದ್ದೇ ಎದ್ದು ನಿಂತ.

"ಸಾಹೇಬ್ರ, ನಿಮ್ಮ ಕೆಲಸಕ್ಕ ನಾ ಅಡ್ಡ ಬರಂಗಿಲ್ಲ. ನೀವು ಎಷ್ಟ ಏರಸ್ತೀರೋ ಏರಸ್ರಿ. ಅಳತಿ ಹೇಳ್ರಿ ಸಾಕು. ನಾ ಹೊರಗ ಕುಂತು ಅಷ್ಟೂ ಇಳಸ್ತೀನಿ."

ಡಾಕ್ಟರು ಶಾಂತ ಮನುಷ್ಯ. "ಇಳಸಬ್ಯಾಡ್ರಿ ಅಜ್ಜಾರ. ಅದು ಅಲ್ಲೇ ಇದ್ದು ಕೆಲಸ ಮಾಡಬೇಕು. ಮೂರ್ನಾಲ್ಕ ತಿಂಗಳಿಗೆ ತಾನ ಇಳೀತೈತಿ."

"ತಾನ ಇಳೀತೈತಿ? ಖರೇನ?"

"ಖರೇನ."

ಅಜ್ಜ ಅತ್ತೆಯ ಕಡೆ ತಿರುಗಿದ. "ಕೇಳಿದೇನವಾ? ಈಗ ಮಂತ್ರ ಹಾಕಿ ಹೋಗ್ತೀನಿ. ಮೂರ್ನಾಲ್ಕ ತಿಂಗಳಿಗೆ ಇಳೀತೈತಿ. ಸಾಹೇಬ್ರ ಸಾಕ್ಷಿ."

ಅತ್ತೆಯ ಜೀವ ಹಗುರಾಯಿತು. ನನ್ನದು ಹೋಯಿತು. ಮಂತ್ರ ತಂತ್ರ ನಾನು ನಂಬುವವಳಲ್ಲ. ಆದರೂ ಅಜ್ಜ ಕಣ್ಣು ಮುಚ್ಚಿ ಬೇವಿನ ತಪ್ಪಲು ಎತ್ತಿದಾಗ ಅನ್ನಿಸಿತು: ಈ ಮುದುಕ ಇವತ್ತೇ ಇಳಿಸಿಬಿಟ್ಟರೆ? ಅವನ ಹತ್ತಿರ ಹೋಗಿ ಯಾರಿಗೂ ಕೇಳದಂತೆ ಹೇಳಿದೆ:

"ಅಜ್ಜಾರ, ಅವಸರ ಮಾಡಬ್ಯಾಡ್ರಿ. ಅಗದಿ ಸಾವಕಾಶ ಹಾಕ್ರಿ."

ಗೋಡೆ ಕಡೆ ಮಾರಿ

ಒಳಗೆ ಮಗಳನ್ನು ಬೋರಲು ಮಲಗಿಸಿದರು. ಅವಳು ಕತ್ತು ತಿರುಗಿಸಿ ನನ್ನನ್ನು ಕೇಳಿದಳು: "ಅವ್ವಾ, ನೋವಾಗತೈತೇನು?"

ಆ ಮಾತು ಬಾಯಿಗೆ ಬಂತು, ಮದುಮಗನ ಕೈ ಕಣ್ಣ ಮುಂದೆ ಬಂತು. ಕಡೆಗೆ ಹೇಳಿದೆ, "ಇರವಿ ಕಚ್ಚಿದಂಗ."

"ಕೆಂಪ ಇರವಿನೋ, ಕರೆ ಇರವಿನೋ?"

"ಕರೆ ಇರವಿ."

"ಕರೆ ಇರವಿ ಕಚ್ಚಂಗಿಲ್ಲ ಅವ್ವಾ" ಎಂದಳು.

ಡಾಕ್ಟರು ಮೊದಲೇ ಮರಗಟ್ಟುವ ಮುಲಾಮು ಹಚ್ಚಿಸಿದ್ದರು. ಸೂಜಿ ಒಳಗೆ ಹೋಯಿತು. ಮಗಳು ಅಳಲಿಲ್ಲ. ನನ್ನ ಮುಖ ನೋಡಿದಳು, ಆಗ ಅತ್ತಳು. ಡಾಕ್ಟರು ಕೈ ನಿಲ್ಲಿಸಿ, "ಅಕ್ಕಾರ, ನೀವು ಗ್ವಾಡಿ ಕಡೆ ಮಾರಿ ಮಾಡಿ ನಿಂದರ್ರಿ. ಹುಡುಗಿ ಸೂಜಿಗೆ ಹೆದರವಲ್ಲಳು, ನಿಮ್ಮ ಮಾರಿಗೆ ಹೆದರಾಕತ್ತಾಳ" ಎಂದರು. ದಿನಾ ಮಂದಿಯನ್ನು ಸೂಜಿಯ ಕಡೆ ದಬ್ಬುವ ನಾನು, ಶಾಲೆಯಲ್ಲಿ ಶಿಕ್ಷೆ ತಿಂದವಳಂತೆ ಗೋಡೆ ನೋಡುತ್ತ ನಿಂತೆ. ಬೆನ್ನ ಹಿಂದೆ ಮಗಳು ಮತ್ತೆ ಅಳಲಿಲ್ಲ.

ಹೊರಡುವಾಗ ಡಾಕ್ಟರು ಹೇಳಿದರು: ಹೀಗಾಗುವುದು ಬಹಳ ಕಡಿಮೆ, ಆದರೂ ನುಂಗಲು ತ್ರಾಸಾದರೆ, ಉಸಿರು ಕಟ್ಟಿದಂತಾದರೆ ಜಲ್ದಿ ಕರಕೊಂಡು ಬರ್ರಿ. "ಬಹಳ ಕಡಿಮೆ" ಅನ್ನುವುದು ನನ್ನ ಕಿವಿಗೆ ಬೀಳಲೇ ಇಲ್ಲ. ಮುಂದಿನ ದಿನಗಳಲ್ಲಿ ಅವಳು ತುತ್ತು ನುಂಗುವಾಗಲೆಲ್ಲ ಎದುರು ಕೂತು ನಾನೂ ಅವಳ ಸಂಗಡ ನುಂಗಿದೆ. ಅವಳಿಗೆ ಏನೂ ಆಗಲಿಲ್ಲ. ಗಂಟಲು ನೋವೆಂದು ದವಾಖಾನೆಗೆ ಹೋದವಳು ನಾನು.

ನೆಲದ ಮೇಲೆ

ಕಾಲಿಗೆ ಪಟ್ಟಿ ಕಟ್ಟುವುದು, ಬೆಳಿಗ್ಗೆ ಸಂಜೆ ಪಾದ ಹಿಡಿದು ಮೇಲಕ್ಕೆ ಒತ್ತುವುದು, ಗೋಡೆಗೆ ಕೈ ಕೊಟ್ಟು ನಿಲ್ಲಿಸುವುದು ನಡೆಯಿತು. ಅತ್ತೆಯ ಕಾಡಿಗೆಯೂ ನಡೆಯಿತು. ಸಂಜೆ ಕಾಲು ತೊಳೆಯಲು ಕೂತರೆ ನಾನು ಮೊದಲು ನೋಡುತ್ತಿದ್ದದ್ದು ಬಲ ಹಿಮ್ಮಡ. ಬೊಟ್ಟು ಇಟ್ಟಲ್ಲೇ ಇರುತ್ತಿತ್ತು, ದುಂಡಗೆ, ಹೊಳೆಯುತ್ತ. ಮತ್ತೆ ಮರುದಿನವೂ ಹಾಗೆಯೇ. ಅಡರಕಟ್ಟಿಯ ಯಜಮಾನರು ನೆನಪಾಗುತ್ತಿದ್ದರು. ನಗು ಬರುತ್ತಿರಲಿಲ್ಲ.

ಒಂದು ರವಿವಾರ ಬೆಳಿಗ್ಗೆ ಪಡಸಾಲೆ ಒರೆಸಿ ಬಕೆಟ್ ಇಟ್ಟು ತಿರುಗಿದರೆ ನೆಲದ ತುಂಬ ಕರಿ ಬೊಟ್ಟು. ನನ್ನ ತಲೆ ಕೆಟ್ಟಿತು.

"ಅತ್ತಿ, ಈಗಷ್ಟ ನೆಲಾ ಒರಸೇನ್ರಿ. ಕಾಡಿಗಿ ಎಲ್ಲಾ ಕಡೆ ಚೆಲ್ಲೀರೇನು?"

"ನಾ ಯಾಕ ಚೆಲ್ಲಲಿ? ನೆಲಕ್ಕ ಯಾರರ ದೃಷ್ಟಿ ತಗೀತಾರೇನು?"

ಅವರೂ ಬಂದು ಬಗ್ಗಿ ನೋಡಿದರು. ಬೊಟ್ಟುಗಳು ಬಚ್ಚಲಿನಿಂದ ಬಾಗಿಲವರೆಗೆ ಸಾಲಾಗಿ ಹೋಗಿದ್ದವು. ಎಡಕ್ಕೆ ಒಂದು ಸಾಲು, ಗಟ್ಟಿ ಕಪ್ಪು. ಬಲಕ್ಕೆ ಇನ್ನೊಂದು ಸಾಲು. ತೆಳ್ಳಗೆ, ಅರ್ಧ ಮೂಡಿದ್ದು, ಕೆಲವು ಕಡೆ ಇಲ್ಲವೇ ಇಲ್ಲ. ಆದರೆ ಸಾಲು ಹೌದು.

ಅತ್ತೆ ನೆಲದ ಮೇಲೆಯೇ ಕೂತರು. ಬಲಗಡೆಯ ಒಂದು ಬೊಟ್ಟಿನ ಸುತ್ತ ಬೆರಳಾಡಿಸಿದರು, ಅದು ಅಳಿಸದಂತೆ.

"ನೋಡಿದೇನು," ಎಂದರು. "ಬೊಟ್ಟಿನ ಗುಣ."

"ಬೊಟಾಕ್ಸಿಂದ್ರಿ."

"ಅದನ್ನ ಅನ್ನಾಕತ್ತೀನಿ ನಾನೂ."

ನಾನು ಒರೆಸುವ ಅರಿವೆ ಹಿಡಿದುಕೊಂಡು ನಿಂತೇ ಇದ್ದೆ. ಮೂರ್ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ ಅಂತ ಡಾಕ್ಟರು ಹೇಳಿದ್ದಾರೆ, ಅಜ್ಜನೂ ಹೇಳಿದ್ದಾನೆ. ಇಳಿದ ಮೇಲೆ ಈ ಸಾಲು ಇರುತ್ತದೋ, ಮತ್ತೆ ಸೂಜಿಯೋ, ಹುಡುಗಿ ಉದ್ದವಾದ ಮೇಲೆ ಏನೋ. ಬಾಗಿಲಲ್ಲಿ ಮಗಳು ನಿಂತಿದ್ದಳು. ನೆಲ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ಅವ್ವಾ, ಆ ಹಮ್ಮಿಗಿ ಆಯಿ ಹಣಿಗೆ ಹಾಕ್ಸಿಕೊಂಡ ಮ್ಯಾಲೆ, ಒಳಗಿನದು ಮಾರ್ಯಾಗ ಕಾಣ್ತಿದ್ದಿಲ್ಲ ಹೌದಿಲ್ಲೋ?"

"ಹೌದು."

"ನಿಮ್ಮ ದವಾಖಾನ್ಯಾಗ ನಿನಗ ಪುಕ್ಕಟ ಹಾಕ್ತಾರಲ್ಲ?"

"ಹಾಕಬಹುದು. ಯಾಕ?"

ಅವಳು ತನ್ನ ಬಲಗಾಲು ಒಮ್ಮೆ ನೋಡಿಕೊಂಡಳು, ಮತ್ತೆ ನನ್ನ ಮುಖ ನೋಡಿದಳು.

"ಹೆದರಿದ್ದು ನಿನ್ನ ಮಾರಿ. ಮತ್ತ ಸೂಜಿ ನನ್ನ ಕಾಲಿಗೆ ಯಾಕ ಹಾಕ್ಸಿದಿ?"